ಹಡಗಿನ ಬಾಗಿಲಿಗೆ ಅಂಟಿದ ನನ್ನ ಕ್ಷಮಾಪಣೆ

ಸಂತೋಷದ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಹಿಂದುಮುಂದಿನದೆಲ್ಲ ಆಮೇಲೆ ನೋಡಿಕೊಳ್ಳೋಣ. ನನ್ನ ಮೊಮ್ಮಗಳು ಮಂಜುಳನ್ನು ಸಮುದ್ರದ ತಳ ಶೋಧಿಸುವ ಹಡಗಿನವರು ಎರಡನೇ ಸಲ ಕರೆದಿದ್ದಾರೆ! ಸುಮ್ಮನೆ ಕರೆದಿಲ್ಲ. ಸಮುದ್ರದ ತಳದಿಂದ ಜೀವ ಇರುವಾಗಲೇ ಮೇಲೆ ಬರುವ ಹುಳಗಳನ್ನು ಸಾಕಲು ಹಡಗಿನಲ್ಲಿ ಒಂದು ತಣ್ಣನೆ ಕೋಣೆ ಇದೆಯಂತೆ, ಆ ಕೋಣೆಗೆ ಈ ಸಲ ಇವಳೇ ಯಜಮಾನಿ. ಇವತ್ತು ಬೆಳಿಗ್ಗೆ ಫೋನು ಬಂತು. ಆಗಿನಿಂದ ನಾನು ಕೂತ ಕಡೆ ಕೂತಿಲ್ಲ. ಹಾಲಿನ ಡೈರಿಗೆ ಎರಡು ಸಲ ಹೋಗಿ ಬಂದೆ. ಎರಡನೇ ಸಲ ಹೋದಾಗ ಕೈಯಲ್ಲಿ ಹಾಲಿರಲಿಲ್ಲ. ಡೈರಿಯಲ್ಲಿ ಅಳತೆ ಹಾಕುವವನು, "ಏನ್ ಗೌಡ್ರೇ, ಕ್ಯಾನೇ ಇಲ್ದೆ ಬಂದ್ಬುಟ್ರಿ?" ಅಂದ. "ಕ್ಯಾನ್ ಮನೆ ಹಾಳಾಗ್ಲಿ, ಸುದ್ದಿ ಕೇಳ್ಲಾ ಮೊದ್ಲು" ಅಂತ ಶುರು ಮಾಡಿದೆ. ಪಾಪ, ಅವನು ಮೊದಲನೇ ಸಲ ಹೋದಾಗಲೇ ಪೂರ್ತಿ ಕೇಳಿದ್ದನಂತೆ. ಆದರೂ ಇನ್ನೊಂದು ಸಲ ಕೇಳಿದ. ಒಳ್ಳೆ ಮನುಷ್ಯ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ಹೊಲದಲ್ಲೇ ಕಳೆಯಿತು. ನನಗೆ ಗೊತ್ತಿರುವ ವಿದ್ಯೆ ಒಂದೇ, ರೇಷ್ಮೆ ಹುಳ ಸಾಕುವುದು. ನಮ್ಮ ಮರಳವಾಡಿಯಲ್ಲಿ ಈಗ ಹುಡುಗರೆಲ್ಲ ಹಾರೋಹಳ್ಳಿ ಕಡೆ ಎದ್ದಿರುವ ಫ್ಯಾಕ್ಟರಿಗಳಿಗೆ ಶಿಫ್ಟು ಅಂತ ಹೋಗುತ್ತಾರೆ. ನನ್ನ ಮಗ ಶಿವಲಿಂಗನೂ ಹೋಗುತ್ತಾನೆ. ನಾನು ಮಾತ್ರ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಗೂಡು ಬಿಡಿಸಿ, ರಾಮನಗರದ ಮಾರ್ಕೆಟ್ಟಿಗೆ ಒಯ್ಯುವವನು. ಸಮುದ್ರ ಅನ್ನುವುದನ್ನು ಕಣ್ಣಲ್ಲಿ ಕಂಡವನಲ್ಲ. ನಾನು ಕಂಡ ದೊಡ್ಡ ನೀರು ಅಂದರೆ ಕೋಡಿ ಬಿದ್ದ ಕೆರೆ. ಇಂಥವನ ಮನೆಯಿಂದ ಒಂದು ಹೆಣ್ಣುಮಗು ಹೋಗಿ ಸಮುದ್ರದ ತಳ ಕೆದಕಿ ಬಂದಿದೆ ಅಂದರೆ ನಾನು ಎದೆ ಉಬ್ಬಿಸಿಕೊಂಡು ಓಡಾಡುವುದರಲ್ಲಿ ತಪ್ಪೇನಿದೆ ಹೇಳಿ. ಆದರೆ ಎದೆ ಉಬ್ಬಿಸುವ ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ಅವಳನ್ನು ಹಡಗಿನವರು ಇನ್ನು ಯಾವತ್ತೂ ಕರೆಯದೆ ಇರುವುದಕ್ಕೆ ಏನೇನು ಬೇಕೋ ಅದನ್ನೆಲ್ಲ ನಾನೇ ಮುಂದೆ ನಿಂತು ಮಾಡಿದ್ದೆ.

ಅದನ್ನು ಹೇಳಬೇಕಾದರೆ ನಮ್ಮ ಹುಳದ ಮನೆಯ ಬಾಗಿಲಿನಿಂದ ಶುರು ಮಾಡಬೇಕು. ರೇಷ್ಮೆ ಹುಳದಷ್ಟು ನಾಜೂಕಿನ ಜೀವ ಭೂಮಿ ಮೇಲೆ ಇನ್ನೊಂದಿಲ್ಲ. ಬೀಡಿ ವಾಸನೆ ಆಗುವುದಿಲ್ಲ, ಊದುಬತ್ತಿ ಆಗುವುದಿಲ್ಲ, ಒಗ್ಗರಣೆ ಘಾಟು ಆಗುವುದಿಲ್ಲ. ಬೇರೆ ಹುಳದ ಮನೆಗೆ ಹೋಗಿ ಬಂದವರಂತೂ ಹೊಸ್ತಿಲೇ ದಾಟಬಾರದು, ಅಲ್ಲಿನ ರೋಗ ಕಾಲಿಗಂಟಿಕೊಂಡು ಇಲ್ಲಿಗೆ ಬರುತ್ತದೆ. ಒಳಗೆ ಹೋಗುವ ಮುಂಚೆ ಕೈಕಾಲು ತೊಳೆಯಬೇಕು, ಸುಣ್ಣದ ಪುಡಿ ತುಳಿದು ಹೋಗಬೇಕು. ದೊಡ್ಡವರು ಈ ಕಟ್ಟಳೆ ಪಾಲಿಸುವುದು ಅಷ್ಟಕ್ಕಷ್ಟೇ, ದಾಕ್ಷಿಣ್ಯ ಅಡ್ಡ ಬರುತ್ತದೆ. ಅದಕ್ಕೇ ನಾನು ಒಂದು ಉಪಾಯ ಮಾಡಿದ್ದೆ. ಹುಳ ದೊಡ್ಡದಾಗಿ ಗೂಡು ಕಟ್ಟುವ ದಿನ ಹತ್ತಿರ ಬಂದಾಗ ಮಂಜುಳನ್ನು ಬಾಗಿಲಲ್ಲಿ ನಿಲ್ಲಿಸಿಬಿಡುತ್ತಿದ್ದೆ. ಆಗ ಅವಳಿಗೆ ಆರೇಳು ವರ್ಷ. ಕೈಯಲ್ಲಿ ಹುಳ ಸೊಪ್ಪು ತಿಂದು ಬಿಟ್ಟ ಒಂದು ಕಡ್ಡಿ. ಯಾರೇ ಬರಲಿ, ಎರಡು ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತು "ಕೈಕಾಲ್ ತೊಳ್ಕೊಂಡ್ ಬನ್ನಿ" ಅನ್ನಬೇಕು. ಮಕ್ಕಳಿಗೆ ದಾಕ್ಷಿಣ್ಯ ಎಲ್ಲಿಂದ ಬರಬೇಕು?

ಒಂದು ಸಲ ನಮ್ಮ ಬೀಗರು, ಅಂದರೆ ಸೊಸೆ ಜಯಮ್ಮನ ತಂದೆ, ಬಿಳಿ ಪಂಚೆ ಉಟ್ಟು ಹೊಸ ಚಪ್ಪಲಿ ಮೆಟ್ಟಿ ಬಂದಿದ್ದರು. ಅವರ ಮನೆಯಲ್ಲೂ ಹುಳ ಇತ್ತು. "ಈ ಸಲ ಹುಳ ಎಂಗವೆ, ಒಸಿ ನೋಡ್ಬುಡಾನ" ಅಂತ ಬಾಗಿಲ ಹತ್ತಿರ ಬಂದರು. ಮಂಜುಳ ಕೈ ಅಗಲಿಸಿ ನಿಂತಳು. "ಲೇ ಕೂಸೇ, ನಾನು ನಿನ್ ತಾತ ಕಣವ್ವ" ಅಂದರು. "ಈ ಮನೆ ತಾತ ಒಳ್ಗವ್ನೆ, ನೀನು ತೊಳ್ಕೊಂಡ್ ಬಾ" ಅಂತು ಕೂಸು. ಬೀಗರ ಮುಖ ಕೆಂಪಗಾಯಿತು. ಊಟಕ್ಕೂ ನಿಲ್ಲದೆ ಹೊರಟುಬಿಟ್ಟರು. ಒಂದು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಜಯಮ್ಮ ಅತ್ತುಕೊಂಡು ನಮ್ಮಿಬ್ಬರ ಮೇಲೂ ರೇಗಿದಳು. ನಾನು ಏನು ಮಾಡಿದೆ ಗೊತ್ತೆ? ಯಾರಿಗೂ ಕಾಣದ ಹಾಗೆ ಕೂಸಿನ ಕೈಗೆ ಒಂದು ಅಚ್ಚು ಬೆಲ್ಲ ಕೊಟ್ಟೆ. ಆ ಸಲ ಗೂಡು ಎಷ್ಟು ಚೆನ್ನಾಗಿ ಬಂತು ಅಂದರೆ ಬೀಗರು ಹೋದ ದುಃಖ ನನಗೆ ಸರಿಯಾಗಿ ಆಗಲೇ ಇಲ್ಲ.

ಆ ಕೂಸು ಬೆಳೆದು, ಕನಕಪುರದಲ್ಲಿ ಓದಿ, ಬೆಂಗಳೂರಲ್ಲಿ ಓದಿ, ಕೊನೆಗೆ ಹುಳಗಳ ವಿಷಯವನ್ನೇ ಹಿಡಿದು ಕೊಚ್ಚಿ ಅನ್ನುವ ಊರಿಗೆ ಸೇರಿಕೊಂಡಿತು. ಒಂದು ದಿನ ಬಂದು "ತಾತ, ನಾನು ಹಡಗಲ್ಲಿ ಹೋಯ್ತಿವ್ನಿ, ಸಮುದ್ರದ ತಳದಾಗೆ ಏನೇನ್ ಐತೆ ಅಂತ ನೋಡಾಕೆ" ಅಂದಳು. "ತಳ ಎಷ್ಟು ದೂರ ಮಗಾ?" ಅಂದೆ. ಅವಳು ಯೋಚನೆ ಮಾಡಿ, "ನಮ್ ಮನೆಯಿಂದ ಕೆರೆ ಏರಿ ದಾಟಿ ಪಕ್ಕದೂರಿಗೆ ಹೋಗೋ ರಸ್ತೆ ಐತಲ್ಲ, ಅದನ್ನ ಎತ್ತಿ ನೆಟ್ಟಗೆ ನೀರೊಳ್ಗೆ ನಿಲ್ಲಿಸ್ದಂಗೆ" ಅಂದಳು. ನನ್ನ ಹೆಂಡತಿ ನಿಂಗಮ್ಮ ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದವಳು, "ಅಷ್ಟ್ ಆಳ್ದಾಗೆ ನಿಂದೇನ್ ಬಿದ್ದೋಗೈತವ್ವ?" ಅಂದಳು. ಈ ಪ್ರಶ್ನೆಗೆ ಮಂಜುಳ ಒಂದು ಗಂಟೆ ಉತ್ತರ ಹೇಳಿದಳು. ನಿಂಗಮ್ಮ ಪೂರ್ತಿ ಕೇಳಿ, ಕೊನೆಗೆ ಒಂದು ಬಟ್ಟೆ ಗಂಟಲ್ಲಿ ರಾಗಿ ಹಿಟ್ಟು, ಒಂದು ಡಬ್ಬದಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಅವಳ ಪ್ರಕಾರ ಸಮುದ್ರದ ತಳದಲ್ಲಿ ಇಲ್ಲದ ವಸ್ತುಗಳು ಇವೆರಡೇ.

ಹಡಗಿನಿಂದ ಭಾನುವಾರ ಮಾತ್ರ ಫೋನು, ಒಬ್ಬೊಬ್ಬರಿಗೆ ಮೂರೇ ನಿಮಿಷ. ಅದು ಆಕಾಶಕ್ಕೆ ಹೋಗಿ ಅಲ್ಲಿಂದ ನಮ್ಮ ಮನೆಗೆ ಬರುವ ಫೋನು. ಹಾಗಾಗಿ ನಾವು ಮಾತಾಡಿದ್ದು ಅವಳಿಗೆ ಒಸಿ ತಡವಾಗಿ ಕೇಳುತ್ತದೆ, ಅವಳದು ನಮಗೆ ಇನ್ನೂ ತಡ. ಗೊತ್ತಿಲ್ಲದೆ ಇಬ್ಬರೂ ಒಟ್ಟಿಗೆ ಮಾತಾಡುತ್ತೇವೆ, ಆಮೇಲೆ ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತೇವೆ. ಮೊದಲನೇ ಭಾನುವಾರ ನಿಂಗಮ್ಮ ಫೋನು ಕಿತ್ತುಕೊಂಡು "ಊಟ ಆಯ್ತಾ?" ಅಂದಳು. ಆಚೆಯಿಂದ "ಆಯ್ತಜ್ಜಿ, ನಿಮ್ದು?" ಅಂತ ಬರುವಷ್ಟರಲ್ಲಿ ಇವಳು ಕೇಳಿಸಲಿಲ್ಲವೇನೋ ಅಂತ ಮತ್ತೆ "ಊಟ ಆಯ್ತಾ?" ಅಂದಾಗಿತ್ತು. ಎರಡನೆಯದಕ್ಕೂ ಉತ್ತರ ಬಂತು. ಆಮೇಲೆ "ಏನ್ ಸಾರು?" ಅಂದಳು. ಮೂರು ನಿಮಿಷ ಮುಗಿಯಿತು. ಸಮುದ್ರ ಹೇಗಿದೆ, ಹಡಗು ಎಷ್ಟು ದೊಡ್ಡದಿದೆ, ಮೊಮ್ಮಗಳು ಬದುಕಿದ್ದಾಳಾ, ಯಾವುದೂ ತಿಳಿಯಲಿಲ್ಲ. ಅವತ್ತು ಹಡಗಲ್ಲಿ ಬೇಳೆ ಸಾರು ಅನ್ನುವುದು ಮಾತ್ರ ತಿಳಿಯಿತು. "ಬದುಕಿದ್ಕೇ ಅಲ್ವಾ ಸಾರು ತಿಂದಿರೋದು" ಅಂತ ನಿಂಗಮ್ಮ ನನ್ನನ್ನೇ ಗದರಿಸಿದಳು. ಎರಡನೇ ವಾರದಿಂದ ನಾನೇ ಫೋನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ.

ಹಾಗೆ ವಾರಕ್ಕೆ ಮೂರು ನಿಮಿಷದಂತೆ ನಾನು ಹಡಗಿನ ಬದುಕನ್ನು ಸಂಪಾದಿಸಿದೆ. ಅಲ್ಲಿ ಮಲಗುವ ಮಂಚಕ್ಕೆ ಅಡ್ಡ ಹಲಗೆ ಇದೆಯಂತೆ, ಇಲ್ಲದಿದ್ದರೆ ಹಡಗು ವಾಲಿದಾಗ ಮನುಷ್ಯರು ಸೊಪ್ಪಿನ ಹೊರೆಯ ಹಾಗೆ ಉರುಳಿ ಬೀಳುತ್ತಾರಂತೆ. ಊಟದ ಮೇಜಿಗೆ ಒದ್ದೆ ಬಟ್ಟೆ ಹಾಸುತ್ತಾರಂತೆ, ತಟ್ಟೆ ಜಾರಬಾರದು ಅಂತ. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕೆಲಸ. ಮೊದಲನೇ ವಾರ ಎಲ್ಲರಿಗೂ ವಾಂತಿ. ಎಷ್ಟೋ ವರ್ಷ ಸಮುದ್ರದಲ್ಲೇ ಇದ್ದ ಅಡುಗೆಯವರಿಗೂ ಒಂದೊಂದು ದಿನ ವಾಂತಿ. ಆಗ ನಿಂಗಮ್ಮನ ಉಪ್ಪಿನಕಾಯಿ ಡಬ್ಬ ಇಡೀ ಹಡಗು ಸುತ್ತಿ ಬಂತಂತೆ, ವಾಪಸು ಬರುವಾಗ ಬರೀ ಡಬ್ಬ. ಇಷ್ಟು ಕೇಳಿದ ಮೇಲೆ ನಿಂಗಮ್ಮ ಬೀದಿಯಲ್ಲಿ ನಡೆಯುವ ಠೀವಿಯೇ ಬೇರೆಯಾಯಿತು. ಇನ್ನು ರಾಗಿ ಹಿಟ್ಟಿನ ಕತೆ. ಒಂದು ದಿನ ಅಡುಗೆಯವರ ಕಾಲು ಹಿಡಿದು ಮಂಜುಳ ಮುದ್ದೆ ಕಟ್ಟಿದಳಂತೆ. ತುಪ್ಪ ಸವರಿ ತಟ್ಟೆಗೆ ಇಡುವುದಕ್ಕೂ ಹಡಗು ವಾಲುವುದಕ್ಕೂ ಸರಿಹೋಯಿತು. ಮುದ್ದೆ ತಟ್ಟೆಯಿಂದ ಎದ್ದು, ಮೇಜಿನ ಉದ್ದಕ್ಕೂ ಉರುಳಿ, ಎದುರಿಗೆ ಕೂತಿದ್ದ ಒಬ್ಬ ವಿಜ್ಞಾನಿಯ ಮಡಿಲಿಗೆ ಹೋಗಿ ಬಿತ್ತಂತೆ. ಬಿಸಿ ಮುದ್ದೆ. ಆತ ಎದ್ದು ಕುಣಿದಿದ್ದನ್ನು ಅವಳು ಫೋನಲ್ಲಿ ಹೇಳುವಾಗ ಆಕಾಶದಲ್ಲಿರುವ ಯಂತ್ರಕ್ಕೂ ನಗು ಬಂದಿರಬೇಕು.

ಅಸಲು ಕೆಲಸ ಅಂದರೆ ಕೆಸರು ಎತ್ತುವುದು. ಉಕ್ಕಿನ ಹಗ್ಗಕ್ಕೆ ಒಂದು ದೊಡ್ಡ ಪೆಟ್ಟಿಗೆ ಕಟ್ಟಿ ಇಳಿಬಿಡುತ್ತಾರಂತೆ. ಇಳಿಯುವುದಕ್ಕೇ ಗಂಟೆಗಟ್ಟಲೆ. ತಳ ಮುಟ್ಟಿದರೂ ಯಾರಿಗೂ ಕಾಣುವುದಿಲ್ಲ, ಹಗ್ಗ ಸಡಿಲವಾದದ್ದನ್ನು ನೋಡಿ ತಿಳಿದುಕೊಳ್ಳಬೇಕು. ಮತ್ತೆ ಮೇಲೆ ಎಳೆಯುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು. ಪೆಟ್ಟಿಗೆ ನೀರಿನಿಂದ ಏಳುವ ಹೊತ್ತಿಗೆ ಕೆಲಸ ಇದ್ದವರು, ಇಲ್ಲದವರು, ನಿದ್ದೆಯಲ್ಲಿದ್ದವರು, ಎಲ್ಲರೂ ಓಡಿಬಂದು ನಿಲ್ಲುತ್ತಾರಂತೆ. ಒಂದೊಂದು ಸಲ ಪೆಟ್ಟಿಗೆ ಖಾಲಿ. ಎಲ್ಲರೂ ಸಾವಿನ ಮನೆಗೆ ಬಂದವರ ಹಾಗೆ ವಾಪಸು ಹೋಗುತ್ತಾರೆ. ಕೆಸರು ಬಂದರೆ ಹಬ್ಬ. ನೆತ್ತಿ ಸುಡುವ ಬಿಸಿಲಲ್ಲಿ ಆ ಕೆಸರು ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಂತೆ, ತಳಕ್ಕೆ ಬಿಸಿಲು ಅನ್ನುವುದು ಹುಟ್ಟಿದಾಗಿನಿಂದ ಹೋಗಿಯೇ ಇಲ್ಲವಲ್ಲ. ಅದನ್ನು ಜರಡಿಗೆ ಹಾಕಿ ಮೆಲ್ಲಗೆ ತೊಳೆದರೆ ಸಣ್ಣ ಸಣ್ಣ ಜೀವಗಳು ಸಿಗುತ್ತವೆ. ಅದರಲ್ಲಿ ಒಂದು ಜಾತಿ ಹುಳ, ತನ್ನ ಬಾಯಿಯ ಅಂಟಿನಿಂದ ಕೆಸರಿನ ಕಣ ಕೂಡಿಸಿ ತನ್ನ ಸುತ್ತ ತಾನೇ ಒಂದು ಕೊಳವೆ ಕಟ್ಟಿಕೊಂಡು ಅದರೊಳಗೆ ಇರುತ್ತದಂತೆ. ಇದನ್ನು ಕೇಳಿದಾಗ ನಾನು ಸ್ಟೂಲಿನಿಂದ ಎದ್ದುಬಿಟ್ಟೆ. "ಗೂಡು ಕಟ್ತದಾ! ಹಂಗಾದ್ರೆ ನಮ್ ಹುಳಕ್ಕೆ ದಾಯಾದಿ ಕಣಮ್ಮಿ ಅದು!" ಅಂದೆ. "ದಾಯಾದಿ ಅಲ್ಲ ತಾತ, ಸಂಬಂಧನೇ ಇಲ್ಲ" ಅಂತ ಉತ್ತರ ಬರುವಷ್ಟರಲ್ಲಿ ಫೋನು ಕಟ್ಟಾಯಿತು. ನಾನು ದಾಯಾದಿ ಅಂತಲೇ ಇಟ್ಟುಕೊಂಡೆ. ಆ ಹುಳಗಳನ್ನು ತಣ್ಣನೆ ಕೋಣೆಯಲ್ಲಿ ಗಾಜಿನ ತೊಟ್ಟಿಗಳಲ್ಲಿ ಜೀವಂತ ಉಳಿಸುವ ಕೆಲಸ ಮಂಜುಳದು. ಹಿಂದೆ ಅವರು ಎಷ್ಟು ಸಲ ಪ್ರಯತ್ನಪಟ್ಟರೂ ದಡ ಮುಟ್ಟುವ ಮೊದಲೇ ಎಲ್ಲ ಸತ್ತಿದ್ದವಂತೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದಾಗ ಒಂದು ಭಾನುವಾರ ಫೋನಲ್ಲಿ ಅಳು ಕೇಳಿಸಿತು. "ತಾತ, ಹುಳದ ಕೋಣೆಯಿಂದ ನನ್ನ ತೆಗೆದ್ಬುಟ್ರು." ಆಗಿದ್ದಿಷ್ಟು. ಹಡಗಿನ ವಿಜ್ಞಾನಿಗಳಿಗೆಲ್ಲ ಮೇಲಿನವರು ಒಬ್ಬ ದೊಡ್ಡ ಸಾಹೇಬರು. ಉತ್ತರದ ಕಡೆಯವರು, ಮಾತು ಕಡಿಮೆ, ಇಡೀ ಹಡಗು ಅವರಿಗೆ ಹೆದರುತ್ತಿತ್ತು. ಅವತ್ತು ಭುಜ ನೋವು ಅಂತ ಘಾಟು ಘಾಟು ಮುಲಾಮು ಉಜ್ಜಿಕೊಂಡು, ಅದೇ ಕೈಯಲ್ಲಿ, ಕ್ಯಾಪ್ಟನ್ನರನ್ನು ಜೊತೆಗೆ ಕರೆದುಕೊಂಡು, ಹುಳ ತೋರಿಸಲು ತಣ್ಣನೆ ಕೋಣೆಗೆ ಬಂದರಂತೆ. ಮುಲಾಮಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೊಮ್ಮಗಳು ಎರಡು ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತು, ಇಂಗ್ಲಿಷು ಹಿಂದಿ ಎಲ್ಲ ಮರೆತು, ಅಚ್ಚ ಕನ್ನಡದಲ್ಲಿ ಕೂಗಿದಳಂತೆ: "ಕೈಕಾಲ್ ತೊಳ್ಕೊಂಡ್ ಬನ್ನಿ!" ಸಾಹೇಬರಿಗೆ ಕನ್ನಡ ಬಾರದು. ಆದರೆ ಅಡ್ಡ ಚಾಚಿದ ಕೈಗೆ ಯಾವ ಭಾಷೆ ಬೇಕು? ಕ್ಯಾಪ್ಟನ್ನರು ಗೊಳ್ಳನೆ ನಕ್ಕರು. ಅವರು ನಗದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಸಾಹೇಬರು ಅಲ್ಲಿಂದಲೇ ತಿರುಗಿ ಹೋದರು. ಮಾರನೇ ದಿನ ಗೋಡೆಗೆ ಅಂಟಿಸಿದ ಕೆಲಸದ ಪಟ್ಟಿಯಲ್ಲಿ ಮಂಜುಳನ ಹೆಸರು ಹುಳದ ಕೋಣೆಯಲ್ಲಿ ಇರಲಿಲ್ಲ, ಕೆಸರು ತೊಳೆಯುವ ಕಡೆ ಇತ್ತು.

ಮನೆಯಲ್ಲಿ ಹೇಳಿದೆ. ಜಯಮ್ಮ, "ನಮ್ಮಪ್ಪನ್ನ ನಿಲ್ಸಿದ್ಲಲ್ಲ ಹಂಗೇ ನಿಲ್ಸವ್ಳೆ" ಅಂದಳು. ಅಷ್ಟು ವರ್ಷದ ಹಿಂದಿನದು, ಅವಳ ಮನಸ್ಸಲ್ಲಿ ನೆನ್ನೆ ಮೊನ್ನೆಯ ಹಾಗೆ ಇತ್ತು. ನಿಂಗಮ್ಮ ನನ್ನ ಕಡೆ ತಿರುಗಿ, "ಬೆಲ್ಲ ಕೊಟ್ರಲ್ಲ ಆವತ್ತು, ಈಗ ಸಿಹಿ ಎಂಗೈತೆ?" ಅಂದಳು. ಯಾರಿಗೂ ಕಾಣದ ಹಾಗೆ ಕೊಟ್ಟಿದ್ದೆ ಅಂದುಕೊಂಡಿದ್ದೆನಲ್ಲ, ಅವಳಿಗೆ ಕಾಣದಿರುವುದು ಏನಿದೆ. ಈ ಕೆಲಸದಲ್ಲಿ ಮಂಜುಳನ ಹೆಸರು ಕೆಟ್ಟರೆ ಮುಂದೆ ಯಾವ ಹಡಗೂ ಹತ್ತಿಸುವುದಿಲ್ಲ, ಅವಳು ಇಷ್ಟು ವರ್ಷ ಓದಿದ್ದೆಲ್ಲ ನೀರಲ್ಲಿ ಮಾಡಿದ ಹೋಮ, ಅದೂ ಉಪ್ಪು ನೀರಲ್ಲಿ. ಇನ್ನೊಂದು ನಿಜವನ್ನೂ ಇಲ್ಲೇ ಹೇಳಿ ಹಗುರಾಗುತ್ತೇನೆ. ಅವಳು ಅಳುತ್ತಿದ್ದಾಗ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ, ಹಾಳಾಗಲಿ, ಕಳಿಸಿಬಿಡಲಿ, ಕೂಸು ಮನೆಗೆ ಬರುತ್ತದೆ ಅಂತಲೂ ಅನಿಸಿತ್ತು. ಅನಿಸಿದ ಮರುಕ್ಷಣ ನನಗೇ ನಾಚಿಕೆಯಾಯಿತು. ಆ ನಾಚಿಕೆಯೇ ನನ್ನನ್ನು ಮಾರನೇ ದಿನ ರಾಮನಗರದ ಬಸ್ಸು ಹತ್ತಿಸಿತು.

ಗೂಡಿನ ಮಾರ್ಕೆಟ್ಟಿನ ಎದುರು ಒಂದು ಎಸ್‌ಟಿಡಿ ಬೂತು. ಮನೆಯ ಫೋನಲ್ಲಿ ಹೊರಗಿನ ಊರಿಗೆ ಮಾತಾಡಲು ಬರುತ್ತಿರಲಿಲ್ಲ, ಬಂದಿದ್ದರೂ ನಿಂಗಮ್ಮನ ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ. ಮಂಜುಳ ಬರೆದಿಟ್ಟು ಹೋಗಿದ್ದ ಕೊಚ್ಚಿಯ ಆಫೀಸಿನ ನಂಬರು ಕೊಟ್ಟೆ. ಆ ಕಡೆಯಿಂದ ಇಂಗ್ಲಿಷು ಬಂತು. ನಾನು "ಕನ್ನಡ, ಕನ್ನಡ" ಅಂದೆ. ಏನೋ ಸದ್ದಾಯಿತು, ಕುರ್ಚಿ ಎಳೆದರು, ಆಮೇಲೆ ಒಂದು ಹೆಣ್ಣು ದನಿ ಪುಸ್ತಕದಲ್ಲಿರುವಂಥ ಕನ್ನಡದಲ್ಲಿ, "ಹೇಳಿ ಅಜ್ಜ, ನಾನು ಕಾಸರಗೋಡಿನವಳು. ಎಂತ ಆಗಬೇಕಿತ್ತು?" ಅಂದಿತು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ದೊಡ್ಡ ಸಾಹೇಬರಿಗೆ ಒಂದು ಕ್ಷಮಾಪಣೆ ಕಳಿಸಬೇಕು ಅಂದೆ. ಹಡಗಿಗೆ ದಿನಕ್ಕೊಮ್ಮೆ ಸಂದೇಶ ಹೋಗುತ್ತದಂತೆ, ಮನೆಯವರದೂ ಸೇರಿಸಬಹುದಂತೆ.

ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. "ಮಹಾರಾಜಶ್ರೀ ದೊಡ್ಡ ಸಾಹೇಬರಿಗೆ ಮರಳವಾಡಿಯಿಂದ ಮಂಜುಳನ ತಾತ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಈ ಕಡೆ ನಾವೆಲ್ಲ ಕ್ಷೇಮ, ಆ ಕಡೆ ತಮ್ಮ ಮತ್ತು ತಮ್ಮ ಮನೆಯವರ ಕ್ಷೇಮಕ್ಕೆ..." "ಅಜ್ಜ, ನಿಲ್ಲಿ, ನಿಲ್ಲಿ" ಅಂದಳು ಆಕೆ. "ನಾಲ್ಕೇ ಸಾಲು ಹೋಗುವುದು ಮಾರಾಯ್ರೆ. ನಿಮ್ಮ ಕ್ಷೇಮದಲ್ಲೇ ಮೂರು ಮುಗಿಯಿತು." ಕ್ಷೇಮವನ್ನೆಲ್ಲ ಹೊಡೆದು ಹಾಕಿದೆವು. ಮತ್ತೆ ಹೇಳಿದೆ, ಆಕೆ ಅದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಇಂಗ್ಲಿಷಿಗೆ ತಿರುಗಿಸಿ ಬರೆದುಕೊಂಡಳು. ಹುಡುಗಿಯದು ತಪ್ಪಿಲ್ಲ, ಬಾಗಿಲಲ್ಲಿ ನಿಲ್ಲಿಸಿ ಬೆಳೆಸಿದ ನನ್ನದು ತಪ್ಪು. ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಅವಳನ್ನು ಮತ್ತೆ ಹುಳದ ಕೋಣೆಗೆ ಹಾಕಬೇಕು. "ಚೆಂದ ಆಯಿತು ಅಜ್ಜ" ಅಂದಳು. "ಮೂರೇ ಸಾಲು ಆದದ್ದು. ಇನ್ನೊಂದು ಸಾಲು ಉಂಟು, ಎಂತಾದರೂ ಸೇರಿಸುವುದಾ?"

ಅಲ್ಲೇ ನಾನು ಕೆಟ್ಟೆ. "ಬೇಡಮ್ಮ" ಅಂದಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ಒಂದು ಸಾಲು ಉಳಿದಿದೆ ಅಂದರೆ ಸುಮ್ಮನೆ ಬಿಡುವುದು ಹೇಗೆ? ಹುಳ ಸಾಕುವ ತಟ್ಟೆಯಲ್ಲಿ ಒಂದು ಮೂಲೆ ಖಾಲಿ ಕಂಡರೆ ಅಲ್ಲಿಗೂ ನಾಲ್ಕು ಹುಳ ಬಿಡುವ ಕೈ ನಮ್ಮದು. ಅಷ್ಟೂ ಅಲ್ಲದೆ ನನ್ನ ಕಣ್ಣ ಮುಂದೆ ಆ ಗಾಜಿನ ತೊಟ್ಟಿ, ಅದರೊಳಗೆ ಇಳಿಯುತ್ತಿರುವ ಮುಲಾಮಿನ ಕೈ ಕಾಣುತ್ತಿತ್ತು. ಬಾಯಿ ತಾನಾಗಿ ಹೇಳಿಬಿಟ್ಟಿತು: "ಆದರೂ ಕೈ ತೊಳೆಯದೆ ಹುಳ ಮುಟ್ಟಬೇಡಿ." "ಇದನ್ನೂ ಹಾಕುವುದಾ ಅಜ್ಜ?" "ಹಾಕಮ್ಮ, ಜಾಗ ಐತಲ್ಲ" ಅಂದೆ.

ಬಸ್ಸು ಕನಕಪುರ ತಲುಪುವ ಹೊತ್ತಿಗೆ ನಾನು ಮಾಡಿದ್ದೇನು ಅಂತ ನನಗೆ ಅರ್ಥವಾಯಿತು. ಮೊಮ್ಮಗಳು ಸಾಹೇಬರಿಗೆ ಒಂದು ಸಲ ಹೇಳಿದ್ದನ್ನು ನಾನು ಬಸ್ ಚಾರ್ಜು ಕೊಟ್ಟು ಹೋಗಿ ಎರಡನೇ ಸಲ ಹೇಳಿ ಬಂದಿದ್ದೆ, ಅದೂ ಬರವಣಿಗೆಯಲ್ಲಿ. ಪಕ್ಕದಲ್ಲಿ ಕೂತಿದ್ದವರು "ಯಾಕ್ ಯಜಮಾನ್ರೇ, ತಲೆ ಚಚ್ಕೋತಿದ್ದೀರಿ?" ಅಂದರು. ಸೆಕೆ ಅಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮುಂದಿನ ಭಾನುವಾರ ಸ್ಟೂಲಿನ ಮೇಲೆ ಕೂತೇ ಇದ್ದೆ, ಫೋನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಿಂಗಮ್ಮ "ಕೆಲ್ಸ ಇರ್ತದೆ ಬುಡಿ" ಅನ್ನುತ್ತಿದ್ದಳು. ನನಗೆ ಮಾತ್ರ ನನ್ನ ನಾಲ್ಕನೇ ಸಾಲು ಕಣ್ಣಿಗೆ ಕಟ್ಟುತ್ತಿತ್ತು. ಆ ಎರಡು ವಾರ ನನ್ನ ಹುಳಗಳೇ ನನಗಿಂತ ಹೆಚ್ಚು ತಿಂದವು.

ಕೊನೆಗೆ ಒಂದು ಮಧ್ಯಾಹ್ನ, ಹೇಳದೆ ಕೇಳದೆ, ಬಿಸಿಲಿಗೆ ಸುಟ್ಟು ಕರ್ರಗಾಗಿ, ಮಂಜುಳ ಬಂದು ಜಗಲಿ ಮೇಲೆ ಬ್ಯಾಗು ಇಳಿಸಿದಳು. ಸಮುದ್ರ ಕೆರಳಿ ಆಕಾಶದ ಫೋನು ಕೆಟ್ಟಿತ್ತಂತೆ, ಅಷ್ಟೇ. ನಾನು ಸಮಾಧಾನದ ಉಸಿರು ಬಿಡುತ್ತಿರುವಾಗಲೇ ಅವಳು ಸೊಂಟದ ಮೇಲೆ ಕೈ ಇಟ್ಟು, "ತಾತ, ಹಡಗಿಗೆ ಏನ್ ಬರ್ಸಿ ಕಳಿಸ್ದೆ ನೀನು?" ಅಂದಳು. ಮನೆಯವರೆಲ್ಲ ನನ್ನ ಕಡೆ ತಿರುಗಿದರು. ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು ಅಂತ ಎದ್ದೆ. ನಿಂಗಮ್ಮ ಟವಲಿನ ತುದಿ ಹಿಡಿದು ಕೂರಿಸಿದಳು.

ಸಾಹೇಬರು ಆ ಸಂದೇಶವನ್ನು ಮಧ್ಯಾಹ್ನದ ಊಟದಲ್ಲಿ, ಇಡೀ ಹಡಗಿನ ಜನ ಸೇರಿದ್ದಾಗ, ಎದ್ದು ನಿಂತು ಓದಿದರಂತೆ. ಮೂರು ಸಾಲಿನವರೆಗೆ ಎಲ್ಲರೂ ಅಯ್ಯೋ ಪಾಪ ಅನ್ನುವ ಮುಖ ಮಾಡಿಕೊಂಡಿದ್ದರಂತೆ. ನಾಲ್ಕನೇ ಸಾಲಿಗೆ ಚಮಚದ ಸದ್ದು ನಿಂತಿತಂತೆ. "ಸಮುದ್ರಕ್ಕೆ ಹಾರ್ಕೊಬುಡಾನ ಅನ್ಸ್ತು ತಾತ" ಅಂದಳು. ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಇನ್ನೊಂದು ಸಲ ಮನಸ್ಸಿನಲ್ಲೇ ಓದಿದರು. ಕೂತು ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಊಟ ಮುಗಿಸಿದರು. ಮಾರನೇ ದಿನ ನೋಡಿದರೆ ತಣ್ಣನೆ ಕೋಣೆಯ ಬಾಗಿಲಲ್ಲಿ ಒಂದು ಬಕೆಟ್ಟು ನೀರು, ಒಂದು ಸೋಪು. ಬಾಗಿಲಿಗೆ ನನ್ನ ಕ್ಷಮಾಪಣೆ! ಮೇಲಿನ ಮೂರು ಸಾಲು ಮಡಚಿ, ನಾಲ್ಕನೇ ಸಾಲು ಮಾತ್ರ ಕಾಣುವ ಹಾಗೆ ಅಂಟಿಸಿದ್ದರಂತೆ. ಮೊದಲು ಕೈ ತೊಳೆದು ಒಳಗೆ ಹೋದವರು ಸಾಹೇಬರೇ. ಅಷ್ಟು ಹೊತ್ತಿಗೆ ಹುಳಗಳಲ್ಲಿ ಅರ್ಧಕ್ಕರ್ಧ ಸತ್ತಿದ್ದವು. ಮೂರನೇ ದಿನ ಅವರು ಕೆಸರು ತೊಳೆಯುವ ಕಡೆ ಬಂದು, ಅವಳ ಕೈಯಿಂದ ಜರಡಿ ತೆಗೆದು ಬೇರೆಯವರಿಗೆ ಕೊಟ್ಟು, ಕೋಣೆಯ ಕಡೆ ಬೆರಳು ತೋರಿಸಿದರಂತೆ. ಉಳಿದ ಹುಳಗಳಲ್ಲಿ ಏಳು ಜೀವಂತವಾಗಿ ದಡ ಸೇರಿದವು.

ಇಷ್ಟಾದರೂ ಹಡಗಿಳಿಯುವಾಗ ಸಾಹೇಬರು ಅವಳಿಗೆ ಒಂದು ಒಳ್ಳೆ ಮಾತು ಆಡಲಿಲ್ಲವಂತೆ. ಮುಂದಿನ ಸಲಕ್ಕೆ ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. "ಇನ್ ಕರ್ಯಾಕಿಲ್ಲ ಬುಡು ತಾತ, ಬಾಗ್ಲಲ್ಲಿ ನಿಲ್ಸಿದ್ನ ಯಾರ್ ಮರೀತಾರೆ" ಅಂದಳು. ಜಯಮ್ಮ ತಲೆ ಆಡಿಸಿದಳು, ಅವಳಿಗೆ ಆ ವಿಷಯದಲ್ಲಿ ಅನುಭವ ಇತ್ತು. ಹಾಗೆ ಒಂದು ಬೆಳೆ ಹುಳ ಗೂಡು ಕಟ್ಟಿ ಮಾರ್ಕೆಟ್ಟಿಗೆ ಹೋಯಿತು, ಎರಡನೇ ಬೆಳೆಯೂ ಹೋಯಿತು, ಹಡಗಿನವರಿಂದ ಸದ್ದಿಲ್ಲ. ಮಂಜುಳ ರಜೆಗೆ ಬಂದಾಗ ನಗುತ್ತಿದ್ದಳು, ಆದರೆ ಫೋನು ಹೊಡೆದುಕೊಂಡಾಗೆಲ್ಲ ಅವಳ ತುತ್ತು ಅರ್ಧಕ್ಕೆ ನಿಲ್ಲುವುದನ್ನು ನಾನು ನೋಡುತ್ತಿದ್ದೆ.

ಈಗಲೂ ಮಂಜುಳ ರಜೆಗೆ ಬಂದಿದ್ದಾಳೆ. ಇವತ್ತು ಬೆಳಿಗ್ಗೆ ಫೋನು ಎತ್ತಿದ್ದು ನಾನೇ. ಆ ಕಡೆಯಿಂದ ದಪ್ಪ ದನಿ ಇಂಗ್ಲಿಷಲ್ಲಿ ಏನೋ ಕೇಳಿತು. ನನಗೆ ತ್ರಾಣ ಇದ್ದಷ್ಟು ಗಟ್ಟಿಯಾಗಿ, "ಮಂಜುಳ ತಾತ, ಮಂಜುಳ ತಾತ" ಅಂದೆ. ಆ ದನಿ ಜೋರಾಗಿ ನಕ್ಕಿತು. ಇಡೀ ಹಡಗು ಹೆದರುವ ಮನುಷ್ಯ ಹಾಗೆ ನಗಬಲ್ಲರು ಅಂತ ಯಾರೂ ನನಗೆ ಹೇಳಿರಲಿಲ್ಲ. ಮಂಜುಳನ ಕೈಗೆ ಫೋನು ಕೊಟ್ಟು ಅವಳ ಮುಖ ನೋಡುತ್ತ ನಿಂತೆ. ಆ ಮುಖ ಅರಳಿದ್ದನ್ನು ನೋಡಿದ ಮೇಲೆ ಅವಳು ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ. ಆದರೂ ಹೇಳಿದಳು. ಮತ್ತೆ ಹಡಗು ಹೊರಡುತ್ತದೆ, ಹುಳದ ಕೋಣೆ ನಿನ್ನದು, ಬಾಗಿಲಲ್ಲಿ ಯಾರನ್ನು ಬೇಕಾದರೂ ನಿಲ್ಲಿಸು ಅಂದರಂತೆ. ಅಷ್ಟು ಕೇಳಿದ್ದೇ ತಡ, ನಾನು ಕ್ಯಾನು ಹಿಡಿದು ಡೈರಿಗೆ ಓಡಿದೆ. ಅಲ್ಲಿಂದ ಮುಂದಿನದು ನಿಮಗೆ ಗೊತ್ತಿದೆ.

ಡೈರಿಯಾದ ಮೇಲೆ ಟೀ ಅಂಗಡಿ, ಅಲ್ಲಿಂದ ಬಸ್ ಸ್ಟ್ಯಾಂಡು, ಅಲ್ಲಿಂದ ಬೀಗರಿಗೆ ಒಂದು ಫೋನು. ಬೀಗರು "ನನ್ ನಿಲ್ಸಿದ್ದಕ್ಕೇ ಕೂಸ್ಗೆ ಅಭ್ಯಾಸ ಆಗಿದ್ದು, ನಂದೂ ಪಾಲೈತೆ" ಅಂದರು. ದಿನವೆಲ್ಲ ಸುತ್ತಿದ ಮೇಲೆ ನನಗೆ ಒಂದು ಯೋಚನೆ ಹತ್ತಿತು. ಸುದ್ದಿ ಏನೋ ಬಂತು, ಆದರೆ ಅವಳು ಹೋಗಬೇಕೋ ಬೇಡವೋ ಅಂತ ಮನೆಯ ಹಿರಿಯ ಒಂದು ಮಾತು ಹೇಳಬೇಡವೆ? ಮತ್ತೆ ಅಷ್ಟು ದಿನ ಬಿಟ್ಟಿರಬೇಕಲ್ಲ. ಎದೆಯ ಆ ಹಳೇ ಮೂಲೆ ಮತ್ತೆ ಒಸಿ ನೋಯಿತು. ಹೊಲದ ಬದುವಿನ ಮೇಲೆ ಒಬ್ಬನೇ ಕೂತು, ಅದನ್ನು ಗದರಿಸಿ, ಗಟ್ಟಿ ಮನಸ್ಸು ಮಾಡಿ, ಮಾತುಗಳನ್ನು ಜೋಡಿಸಿಕೊಂಡು ಮನೆಗೆ ಬಂದೆ.

ಸಂಜೆ ನಾಟಿ ಕೋಳಿ ಸಾರು, ಮುದ್ದೆ. ಶಿವಲಿಂಗ ಯಾರ ಹತ್ತಿರವೋ ಶಿಫ್ಟು ಬದಲಾಯಿಸಿಕೊಂಡು ಬಂದಿದ್ದ. ಅವನು ಫ್ಯಾಕ್ಟರಿ ಸೇರಿದ ಮೇಲೆ ನಾವು ಐದೂ ಜನ ಒಟ್ಟಿಗೆ ಕೂತು ಉಂಡದ್ದು ಬೆರಳಲ್ಲಿ ಎಣಿಸುವಷ್ಟು. ನಡುಮನೆಯಲ್ಲಿ ಸಾಲಾಗಿ ಕೂತೆವು. ಎಲ್ಲರ ತಟ್ಟೆಗೂ ಸಾರು ಬಿದ್ದ ಮೇಲೆ ನಾನು ಗಂಟಲು ಸರಿಮಾಡಿಕೊಂಡೆ. "ನೋಡಮ್ಮಿ ಮಂಜುಳ, ಬೆಳಿಗ್ಗೆಯಿಂದ ನಾನು ಎಲ್ಲಾ ಕಡೆಯಿಂದ್ಲೂ ಯೋಚ್ನೆ ಮಾಡಿವ್ನಿ. ದೂರ ಐತೆ, ಆಳ ಐತೆ, ನಮ್ಗೂ ವಯಸ್ಸಾಯ್ತು. ಆದ್ರೂ ಮನೆ ಹಿರಿಯನಾಗಿ ಒಂದು ತೀರ್ಮಾನಕ್ಕೆ ಬಂದಿವ್ನಿ. ಹೋಗ್ಬುಟ್ ಬಾ. ನನ್ ಒಪ್ಗೆ ಐತೆ."

ಶಿವಲಿಂಗ ಜಯಮ್ಮನನ್ನು ನೋಡಿದ, ಜಯಮ್ಮ ಸಾರಿನ ಪಾತ್ರೆಯೊಳಗೆ ನೋಡಿದಳು. ಮಂಜುಳ ನಗು ತಡೆದುಕೊಂಡು, "ತಾತ, ನಾನು ಬೆಳಿಗ್ಗೆ ಫೋನಲ್ಲೇ ಒಪ್ಕೊಂಡ್ಬುಟ್ಟೆ. ಮಧ್ಯಾಹ್ನ ಅಪ್ಪ ಟ್ರೈನ್ ಟಿಕೆಟ್ಟೂ ತಂದಾಯ್ತು" ಅಂದಳು. "ನಂಗ್ಯಾರೂ ಹೇಳ್ಲೇ ಇಲ್ಲ!" ಅಂದೆ. "ಹೇಳಾಕೆ ಮನೇಲಿದ್ರೆ ತಾನೇ" ಅಂದಳು ನಿಂಗಮ್ಮ. "ಊರಿಗೆಲ್ಲಾ ಸುದ್ದಿ ಹಂಚಾಕೆ ಹೋಗಿದ್ರಿ. ಊರಿಗೆಲ್ಲಾ ಗೊತ್ತು, ನಿಮ್ಗೊಬ್ರಿಗೇ ಗೊತ್ತಿಲ್ಲ." ಆಗ ಕಟ್ಟೆ ಒಡೆದ ಹಾಗೆ ಎಲ್ಲರೂ ನಕ್ಕರು. ಶಿವಲಿಂಗನಿಗೆ ನೆತ್ತಿಗೆ ಹತ್ತಿ ನೀರು ಕುಡಿಸಬೇಕಾಯಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಗುತ್ತಿರುವಾಗಲೇ ಜಯಮ್ಮ, ಬೇಕಾ ಬೇಡವಾ ಅಂತ ಒಂದು ಮಾತೂ ಕೇಳದೆ, ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು ಅದರ ಪಕ್ಕ ಒಂದು ತೊಡೆ ತುಂಡು ಹಾಕಿದಳು. ಮನೆ ಹಿರಿಯನಾಗಿ ಎಲ್ಲಾ ಕಡೆಯಿಂದಲೂ ಯೋಚನೆ ಮಾಡಿ, ಅದಕ್ಕೂ ನನ್ನ ಒಪ್ಪಿಗೆ ಕೊಟ್ಟೆ.